ಇಂಜಿನ್ ನಿಲ್ಲುವ ಕಾರಣಗಳು

ಅಂಟುವಾಳದ ನೊರೆ ಹಚ್ಚಿ ಎಷ್ಟು ತಿಕ್ಕಿದರೂ ಅಪ್ಪನ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಸೇವಂತಿ ತೆಂಗಿನ ನಾರು ತಂದು ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು. ಬೆಳಗಿನ ಜಾವ ತೀರಿಹೋದ ಮೇದಪ್ಪ ಗೌಡರ ಕೈ ಇಷ್ಟು ಹೊತ್ತಿಗೆ ತಣ್ಣಗೆ ಬಿಗಿದುಕೊಂಡಿತ್ತು. ಬದುಕಿದ್ದಾಗಲೂ ಅದು ಯಾರು ಎಳೆದರೂ ಬಗ್ಗುವ ಕೈಯಾಗಿರಲಿಲ್ಲ.

"ಬಿಡು ಸೇವಂತಿ," ಎಂದಳು ನೆರೆಮನೆಯ ಮುದುಕಿ ಅಕ್ಕು, ಚೊಂಬಿನಿಂದ ನೀರು ಹೊಯ್ಯುತ್ತಾ. "ಮಣ್ಣಲ್ಲಿ ದುಡಿದ ಕೈ. ಹಾಗೇ ಹೋಗ್ಲಿ."

"ಇದು ಮಣ್ಣಲ್ಲ ಅಕ್ಕು. ಮೂಸಿ ನೋಡು. ಗ್ರೀಸು."

"ಗದ್ದೆಯವನ ಕೈಗೆ ಗ್ರೀಸು ಎಲ್ಲಿಂದ ಮಾರಾಯ್ತಿ?"

ಸೇವಂತಿ ಪುನಃ ನಾರು ಎತ್ತಿಕೊಂಡು ತಿಕ್ಕಿದಳು. ಅಪ್ಪ ಹೋದ ವಾರ ಬಸ್ಸು ಹತ್ತಿ ಪುತ್ತೂರು ದಾಟಿ ಕಬಕದ ಗ್ಯಾರೇಜಿಗೆ ಹೋಗಿ ಬಂದದ್ದು ಅವಳಿಗೆ ಗೊತ್ತಿತ್ತು. ಎದೆನೋವಿನ ಮನುಷ್ಯ ಹೋಗಬೇಡಿ ಎಂದರೆ ಕೇಳಬೇಕಲ್ಲ. ಅಪ್ಪನ ಆರೈಕೆಗೆಂದು ಗಂಡನ ಮನೆ ರಾಮಕುಂಜದಿಂದ ಬಂದು ತಿಂಗಳಾಗಿತ್ತು. ಆ ತಿಂಗಳಿಡೀ ಅವಳು ಹೇಳಿದ ಒಂದು ಮಾತನ್ನೂ ಅವರು ಕೇಳಿರಲಿಲ್ಲ. ಈಗ ಉಗುರು ಕೂಡ ಕೇಳುತ್ತಿಲ್ಲ. ಅವಳಿಗೆ ಅಳು ಬರುವ ಬದಲು ಸಿಟ್ಟು ಬಂತು. ನಾರನ್ನು ಬಿಸಾಡಿ ಎದ್ದಳು.

ಅಂಗಳದ ಆಚೆ ಚಿಕ್ಕಪ್ಪ ಬೆಳ್ಯಪ್ಪ ನಿಂತು ಮಾವಿನ ಮರ ಕಡಿಸುತ್ತಿದ್ದರು. ಬದುಕಿದವರ ಮನೆಯಲ್ಲಿ ಬೆಳ್ಯಪ್ಪನವರಿಗೆ ಅಂಥಾ ಮರ್ಯಾದೆಯೇನೂ ಇರಲಿಲ್ಲ. ಮದುವೆಗಳಲ್ಲಿ ಅವರನ್ನು ಎಲೆಯ ಕೊನೆಯ ಸಾಲಿಗೇ ಕೂರಿಸುತ್ತಿದ್ದರು. ಆದರೆ ಸಾವಿನ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ಯಾವ ಮರ, ಯಾವ ದಿಕ್ಕು, ಯಾರು ಮೊದಲು, ಯಾರು ಆಮೇಲೆ ಎಲ್ಲ ಅವರಿಗೆ ಬಾಯಿಪಾಠ. ಮೇದಪ್ಪ ಗೌಡರಿಗೆ ಬದುಕಿರುವ ಗಂಡುಮಕ್ಕಳಿಲ್ಲದ್ದರಿಂದ ಕೊಳ್ಳಿ ಇಡಬೇಕಾದವರೂ ತಮ್ಮನಾದ ಅವರೇ.

"ಚಿಕ್ಕಪ್ಪ, ಕೂಗುವಾಗ ತೀರ್ಥನ ಹೆಸರು ಹೇಳ್ತೀರಲ್ಲ?" ಎಂದು ಸೇವಂತಿ ತೀರಿಹೋದ ತಮ್ಮನ ಮಾತೆತ್ತಿ ಕೇಳಿದಳು.

ಬೆಳ್ಯಪ್ಪ ಕೊಡಲಿ ಹಿಡಿದವನಿಗೆ ಸನ್ನೆ ಮಾಡಿ ನಿಲ್ಲಿಸಿದರು. "ಅದು ನನ್ನ ಕೈಯಲ್ಲಿ ಉಂಟಾ? ನಿನ್ನ ಅಪ್ಪನೇ ಒಪ್ಪಿದ ಮಾತು. ಜಾಲ್ಸೂರಿನ ಮೂಸಕುಂಞಿ ಬಂದು, ಇಂಜಿನ್ ಕೆಟ್ಟು ವಿಮಾನ ಬಿದ್ದದ್ದು ಅಂತ ಒಂದು ಮಾತು ಹೇಳ್ಲಿ. ಗಂಟಲು ಹರಿಯುವ ಹಾಗೆ ಕೂಗ್ತೇನೆ."

"ಅವರು ಹೇಳದಿದ್ರೆ?"

"ಅಣ್ಣನ ಕೂಗಿನಲ್ಲಿ ಸೇರದವ ಮತ್ತೆ ಸೇರ್ಲಿಕ್ಕಿಲ್ಲ. ಅಪ್ಪನ ಬೆಂಕಿಯೇ ಮಗನಿಗೆ ಕಡೆಯ ಬಾಗಿಲು. ಇದು ನಾನು ಮಾಡಿದ ಕ್ರಮ ಅಲ್ಲ ಮಗಳೆ."

ಕ್ರಮ ಆ ಮನೆತನದ್ದು. ಚಿತೆಯ ಕಾಷ್ಠಕ್ಕೆ ಕೊಳ್ಳಿ ಇಡುವ ಮೊದಲು, ಹಿಂದೆ ಸತ್ತವರ ಹೆಸರನ್ನು ಒಂದೊಂದಾಗಿ ಕೂಗಿ, 'ನಿಮ್ಮವ ಬರ್ತಾ ಇದ್ದಾನೆ, ಕರ್ಕೊಳ್ಳಿ' ಎನ್ನಬೇಕು. ಆ ಕೂಗಿನಲ್ಲಿ ಹೆಸರು ಬಂದವರು ಒಳಗಿನವರು. ಅವರಿಗೆ ವರ್ಷಕ್ಕೊಮ್ಮೆ ಚಾವಡಿಯಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಬಾರದವರು ಹೊರಗಿನವರು. ಅವರಿಗೆ ಎಲೆಯೂ ಇಲ್ಲ, ಮಾತೂ ಇಲ್ಲ.

"ಜಾಲ್ಸೂರಿಗೆ ಆಳು ಹೋಗಿದ್ದಾನಾ?"

"ಬೆಳಿಗ್ಗೆಯೇ ಹೋಗಿದ್ದಾನೆ. ಆದ್ರೆ ಮೂಸಕುಂಞಿ ಬಂದು ಎಂತ ಮಾಡ್ಲಿಕ್ಕೆ? ಇಷ್ಟು ವರ್ಷ ಬಾಯಿ ಬಿಡದ ಮನುಷ್ಯ," ಎಂದು ಬೆಳ್ಯಪ್ಪ ಪುನಃ ಮರದ ಕಡೆ ತಿರುಗಿದರು.

\*

ತೀರ್ಥರಾಮ ವಿಮಾನ ಓಡಿಸುವವನಾದದ್ದು ಆ ಊರಿನವರಿಗೆ ಬಹಳ ದಿನ ನಂಬಿಕೆಯಾಗದ ಸಂಗತಿ. ಮದರಾಸಿನಲ್ಲಿದ್ದ ಸೋದರಮಾವನ ಮನೆಗೆ ಓದಲು ಹೋದ ಹುಡುಗ ಅಲ್ಲಿ ಯಾರ ಬೆನ್ನು ಹಿಡಿದನೋ, ವಿಮಾನ ಕಲಿತು, ಅಸ್ಸಾಮಿನ ಒಂದು ಚಹಾ ತೋಟದ ಕಂಪೆನಿಯ ಸಣ್ಣ ವಿಮಾನಕ್ಕೆ ಪೈಲಟ್ ಆದ. ತೋಟದ ಸಾಹೇಬರನ್ನೂ ಟಪಾಲನ್ನೂ ಹೊತ್ತು ತಿರುಗುವ ಕೆಲಸ. ಮೊದಲ ರಜೆಗೆ ಬಂದಾಗ ಊರಿಗೆ ಊರೇ ನೋಡಲು ಬಂದಿತ್ತು. ಬಂದವರಲ್ಲಿ ಮೂಸಕುಂಞಿಯವರೂ ಇದ್ದರು. ಜಾಲ್ಸೂರಿನಲ್ಲಿ ಅಡಿಕೆ, ಕರಿಮೆಣಸು ಕೊಳ್ಳುವ ಬ್ಯಾರಿ ಮುಸ್ಲಿಂ ವ್ಯಾಪಾರಿ, ಮೇದಪ್ಪ ಗೌಡರ ಹಳೆಯ ದೋಸ್ತಿ. ಅವರ ಮಗ ಹಕೀಮ್ ಬಸ್ಸಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ.

"ಮೂಸಕುಂಞಿಯವರ ಮಗನನ್ನೂ ಕರ್ಕೊಂಡು ಹೋಗು. ನಿನ್ನ ವಿಮಾನಕ್ಕೂ ಮೇಸ್ತ್ರಿ ಬೇಕಲ್ಲ," ಎಂದವರು ಮೇದಪ್ಪ ಗೌಡರೇ. ಮಗ ಅಪ್ಪನ ಮಾತು ನಡೆಸಿಕೊಟ್ಟ.

ಐವತ್ತಾರನೆಯ ಇಸವಿಯಲ್ಲಿ ಒಂದೇ ದಿನ ಎರಡು ಮನೆಗೂ ತಂತಿ ಬಂತು. ವಿಮಾನ ಗುಡ್ಡಕ್ಕೆ ಬಡಿದಿದೆ, ಇಬ್ಬರೂ ಇಲ್ಲ. ಮೂಸಕುಂಞಿ ರೈಲು ಹತ್ತಿ ಅಸ್ಸಾಮಿಗೆ ಹೋಗಿ ಬಂದರು. ಮೇದಪ್ಪ ಗೌಡರು ಹೋಗಲಿಲ್ಲ. ಎಂತಕ್ಕೆ ಹೋಗಲಿಲ್ಲ ಎಂದು ಕೇಳಿದವರಿಗೆ ಭತ್ತದ ಕೊಯ್ಲು ಎಂದರು. ಅಷ್ಟರಲ್ಲಿ ಊರಿನಲ್ಲಿ ಗುಸುಗುಸು ಶುರುವಾಗಿತ್ತು. ಹೆಂಡತಿ ಬಿಟ್ಟು ಹೋಗಿದ್ದಳಂತೆ, ಕೆಲಸವೂ ಹೋಗುವುದರಲ್ಲಿತ್ತಂತೆ, ಬೇಕೆಂದೇ ಗುಡ್ಡಕ್ಕೆ ಹೊಡೆದದ್ದಂತೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುವವರಿಗೆ ಯಾವ ಊರಿನಲ್ಲಿ ಬರ?

ಮರು ವರ್ಷ ಕೊರಗಿಕೊಂಡೇ ತಾಯಿ ಸತ್ತಳು. ಅವಳ ಕಾಷ್ಠದ ಮುಂದೆ ಹೆಸರು ಕೂಗುವಾಗ ಬೆಳ್ಯಪ್ಪ ತೀರ್ಥರಾಮನ ಹೆಸರು ಬಿಟ್ಟರು. ಮೇದಪ್ಪ ಗೌಡರು ತಮ್ಮನ ಹೆಗಲಿಗೆ ಕೈ ಹಾಕಿ, ಯಾಕೆ ಎಂದು ಕೇಳಿದರು.

"ತಾನೇ ಸತ್ತವನಾದ್ರೆ ಹೇಗೋ ಒಂದು ದಾರಿ ಹುಡುಕ್ಬಹುದಿತ್ತು ಅಣ್ಣ. ಅನ್ನ ಹುಡುಕಿ ಬಂದ ಇನ್ನೊಬ್ಬರ ಮಗನನ್ನು ಕರ್ಕೊಂಡು ಹೋದವನನ್ನು ನಾನು ಹೇಗೆ ಒಳಗೆ ಕರೀಲಿ?"

"ಇಂಜಿನ್ ಕೆಟ್ಟದ್ದು."

"ಹಾಗಾದ್ರೆ ಮೂಸಕುಂಞಿ ಒಪ್ಲಿ. ಅವ ಒಪ್ಪಿದ್ರೆ ನಾವು ಎಲ್ಲರೂ ಒಪ್ತೇವೆ."

"ಒಪ್ಪಿಸ್ತೇನೆ," ಎಂದರು ಮೇದಪ್ಪ ಗೌಡರು. ಉಳಿದ ಆಯುಷ್ಯವೆಲ್ಲ ಆ ಒಂದು ಮಾತಿಗೇ ಹೋಯಿತು.

\*

ಹೊತ್ತು ನೆತ್ತಿಗೆ ಬರುವಾಗ ಕಬಕದಿಂದ ಮೇಸ್ತ್ರಿ ತ್ಯಾಂಪಣ್ಣ ಬಂದ. ಲಾರಿ ರಿಪೇರಿಯ ಅಂಗಿಯಲ್ಲೇ ಬಂದಿದ್ದ. ಗೌಡರ ಮುಖ ನೋಡಿ, ಕಾಲು ಮುಟ್ಟಿ, ಜಗಲಿಯ ತುದಿಯಲ್ಲಿ ಕೂತ. ಸೇವಂತಿ ನೀರು ಕೊಟ್ಟಳು. ಅವನ ಕೈಯಲ್ಲೂ ಅದೇ ಕಪ್ಪು.

"ನನ್ನ ಅಪ್ಪ ನಿಮ್ಮ ಗ್ಯಾರೇಜಿಗೆ ಬಂದು ಎಂತ ಮಾಡ್ತಿದ್ರು ತ್ಯಾಂಪಣ್ಣ?" ಎಂದು ಕೇಳಿದಳು. ಅವಳಿಗೆ ಅರ್ಧ ಗೊತ್ತಿತ್ತು, ಇಡೀ ಕೇಳಬೇಕಿತ್ತು.

ತ್ಯಾಂಪಣ್ಣ ನೀರು ಕುಡಿದು ಬಾಯಿ ಒರೆಸಿಕೊಂಡ. "ಮೊದಲ ಸಲ ಬಂದಾಗ ನಾನು ಲಾರಿಯ ಅಡಿಯಲ್ಲಿ ಮಲ್ಗಿದ್ದೆ ಅಕ್ಕ. ಎರಡು ಕಾಲು ಮಾತ್ರ ಕಾಣ್ತಿತ್ತು. 'ಓ ಮೇಸ್ತ್ರಿ, ಇಂಜಿನ್ ಯಾಕೆ ನಿಲ್ತದೆ?' ಅಂತ ಕೇಳಿದ್ರು. ಯಾವ ಗಾಡಿದು ಅಂತ ಕೇಳಿದೆ. 'ವಿಮಾನದ್ದು' ಅಂದ್ರು. ನನಗೆ ಅಡಿಯಲ್ಲೇ ನಗು ಬಂತು. ನಾನು ವಿಮಾನದ ಹೊಟ್ಟೆ ನೋಡಿದವನಾ? ಹೊರಗೆ ಬಂದು ಮುಖ ನೋಡಿದೆ. ಮತ್ತೆ ನಗ್ಲಿಕ್ಕೆ ಆಗ್ಲಿಲ್ಲ."

ಜಗಲಿಯಲ್ಲಿ ಕೂತಿದ್ದವರೆಲ್ಲ ಕಿವಿ ಇತ್ತ ಮಾಡಿದ್ದರು. ಸಾವಿನ ಮನೆಯಲ್ಲಿ ಸತ್ತವರ ಮಾತಿಗಿಂತ ರುಚಿಯಾದದ್ದು ಬೇರೆ ಏನಿದೆ?

"ಲಾರಿಗೆ ಆದದ್ದು ವಿಮಾನಕ್ಕೂ ಆಗ್ತದೆ, ನೀನು ಹೇಳು ಅಂದ್ರು. ಎಣ್ಣೆಯಲ್ಲಿ ನೀರು ಸೇರಿದ್ರೆ ನಿಲ್ತದೆ ಅಂದೆ. ಖುಷಿಯಾಗಿ ಹೋದ್ರು. ಮರು ವರ್ಷ ಪುನಃ ಹಾಜರು. 'ಅದು ಆಗ್ಲಿಲ್ಲ ಮಾರಾಯ, ಬೇರೆ ಕಾರಣ ಹೇಳು.' ಪೈಪಿನಲ್ಲಿ ಕಸ ಅಂದೆ. ಮತ್ತೊಂದು ವರ್ಷ ಪ್ಲಗ್ಗು. ಮತ್ತೊಮ್ಮೆ ಕಾರ್ಬುರೇಟರು. ಬಿಚ್ಚಿ ತೋರಿಸ್ಬೇಕು, ಸುಮ್ಮನೆ ಹೇಳಿದ್ರೆ ಆಗುದಿಲ್ಲ. ಎಪ್ಪತ್ತು ವರ್ಷದ ಮುದುಕ, ಕೂತು ಒಂದೊಂದರ ಹೆಸರು ಬಾಯಿಪಾಠ ಮಾಡ್ತಿದ್ರು. ನನ್ನ ಹತ್ರ ಕೆಲಸ ಕಲಿಯುವವರೂ ಅಷ್ಟು ಚಂದ ಕಲಿತದ್ದಿಲ್ಲ."

"ಹೋದ ವಾರ?"

ತ್ಯಾಂಪಣ್ಣ ತಲೆ ತಗ್ಗಿಸಿದ. "ಹೋದ ವಾರ ನಾನು, 'ಗೌಡ್ರೆ, ನನ್ನಲ್ಲಿ ಇನ್ನು ಕಾರಣ ಇಲ್ಲ, ಮುಗಿಯಿತು' ಅಂದೆ. ಬಿಚ್ಚಿ ಹಾಕಿದ ಇಂಜಿನ್ ಒಂದಿತ್ತು. ಅದಕ್ಕೆ ಮೊಣಕೈವರೆಗೆ ಕೈ ಹಾಕಿ ಹುಡುಕಿದ್ರು ಅಕ್ಕ. 'ನೀನು ಸರಿ ನೋಡ್ಲಿಲ್ಲ, ಇನ್ನೊಂದು ಉಂಟು, ಇರ್ಲೇಬೇಕು' ಅಂತ. ನಾನು ಹೊರಗೆ ಹೋಗಿ ಬೀಡಿ ಸೇದಿದೆ. ಇಲ್ಲದ್ದನ್ನು ಹುಡುಕುವವರನ್ನು ನೋಡ್ತಾ ಕೂತ್ಕೊಳ್ಳುದು ಹೇಗೆ?"

ಬೆಳ್ಯಪ್ಪ ಕೂಡ ಅಂಗಳದಲ್ಲಿ ಸೌದೆ ಎಣಿಸುವುದನ್ನು ಬಿಟ್ಟು ನಿಂತಿದ್ದರು. ಸೇವಂತಿ ಚೊಂಬು ತೆಗೆದುಕೊಂಡು ಒಳಗೆ ಹೋದಳು. ಕತ್ತಲೆ ಕೋಣೆಯ ಗೋಡೆಗೆ ಹಣೆ ಒತ್ತಿ ನಿಂತಳು. ಅಪ್ಪನ ಮೇಲಿನ ಸಿಟ್ಟು ಕರಗಿ ಕಣ್ಣೀರಾಗಬೇಕಿತ್ತು, ಆಗಲಿಲ್ಲ. ಅಪ್ಪ ಹುಡುಕಿದ್ದು ಇಲ್ಲ ಎನ್ನುವುದು ಅಪ್ಪನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಹುಡುಕಿದ ಮನುಷ್ಯನಿಗೆ ಏನೆಂದು ಅಳುವುದು?

\*

ವರ್ಷಕ್ಕೊಂದು ಕಾರಣ ಹಿಡಿದುಕೊಂಡು ಮೂಸಕುಂಞಿಯವರನ್ನು ಒಪ್ಪಿಸಲು ಹೋಗುತ್ತಿದ್ದ ಅಪ್ಪನ ಜೊತೆ ಒಂದು ವರ್ಷ ಅವಳೂ ಜಾಲ್ಸೂರಿಗೆ ಹೋಗಿದ್ದಳು. ಮೂಸಕುಂಞಿಯವರ ಅಂಗಡಿಯಲ್ಲಿ ಅಡಿಕೆಯ ರಾಶಿ ನೆಲದ ಮೇಲೆ ಹರಡಿತ್ತು. ಅವರು ಚಾಪೆಯ ಮೇಲೆ ಕೂತು ಒಳ್ಳೆಯದನ್ನು ಒಂದು ಕಡೆ, ಒಡಕನ್ನು ಇನ್ನೊಂದು ಕಡೆ ಹಾಕುತ್ತಿದ್ದರು. ಮೇದಪ್ಪ ಗೌಡರು ಎದುರಿನ ಬೆಂಚಿನಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

"ಈ ಸಲ ಸರಿಯಾಗಿ ಗೊತ್ತಾಯ್ತು ಬ್ಯಾರಿಗಳೆ. ಕಾರ್ಬುರೇಟರು ಅಂತ ಒಂದು ಉಂಟು. ಅಲ್ಲಿ ಗಾಳಿಯೂ ಎಣ್ಣೆಯೂ ಸೇರುದು. ಅಸ್ಸಾಮಿನ ಚಳಿಗೆ ಅದರ ಬಾಯಿ ಕಟ್ಟಿದೆ. ಮಕ್ಕಳು ಎಂತ ಮಾಡ್ಲಿಕ್ಕಾಗ್ತದೆ?"

ಮೂಸಕುಂಞಿ ತಲೆ ಎತ್ತಲಿಲ್ಲ. ಒಂದು ಅಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಒಡಕಿನ ರಾಶಿಗೆ ಹಾಕಿದರು.

"ಹೌದಾ ಅಲ್ಲವಾ?" ಎಂದು ಗೌಡರು ಕೇಳಿದರು.

"ಚಾ ಕುಡೀರಿ ಗೌಡ್ರೆ."

ಅಷ್ಟೇ. ಚಹಾ ಬಂತು, ಕುಡಿದರು. ಗೌಡರು ಇನ್ನೊಮ್ಮೆ ಮೊದಲಿನಿಂದ ಹೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಹೊರಡುವಾಗ ಮಾತ್ರ ಮೂಸಕುಂಞಿ ಎದ್ದು ರಸ್ತೆಗೆ ಬಂದು, ಕೈ ಅಡ್ಡ ಹಿಡಿದು ಸುಳ್ಯದ ಬಸ್ಸನ್ನು ನಿಲ್ಲಿಸಿ, ಗೌಡರಿಗೆ ಸೀಟು ಮಾಡಿಸಿ ಕೊಟ್ಟರು. ಬಸ್ಸು ಬಿಡುವಾಗ ಒಮ್ಮೆ ಸೇವಂತಿಯ ಮುಖ ನೋಡಿದರು. ಏನೋ ಕೇಳುವವರ ಹಾಗಿತ್ತು ಆ ನೋಟ. ಅವಳು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆ ಕಡೆ ತಿರುಗಿದಳು.

\*

ಹೆಣ ಎತ್ತಲು ಇನ್ನೇನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಮೂಸಕುಂಞಿ ಬಂದರು. ಮುದುಕರಾಗಿದ್ದರು; ಬೆತ್ತ ಬಂದಿತ್ತು. ಅಂಗಳದಲ್ಲಿ ಚಪ್ಪಲಿ ಬಿಟ್ಟು ಗೌಡರ ತಲೆಯ ಬಳಿ ಹೋಗಿ ನಿಂತರು. ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡಿತು, ಪ್ರಾರ್ಥನೆಯೋ ಬೈಗುಳವೋ ಹತ್ತಿರ ನಿಂತವರಿಗೂ ಕೇಳಲಿಲ್ಲ.

ಬೆಳ್ಯಪ್ಪ ಕೆಮ್ಮಿದರು. "ಬ್ಯಾರಿಗಳೆ, ಬಂದದ್ದು ಒಳ್ಳೇದಾಯ್ತು. ಹತ್ತು ಜನ ಸೇರಿದ್ದಾರೆ. ಅಣ್ಣ ವರ್ಷ ವರ್ಷ ನಿಮ್ಮ ಹತ್ರ ಬರ್ತಿದ್ದದ್ದು ಎಂತಕ್ಕೆ ಅಂತ ನಿಮಗೆ ಗೊತ್ತುಂಟು. ಇವತ್ತಾದ್ರೂ ಒಂದು ಮಾತು ಹೇಳಿ. ಇಂಜಿನ್ ಕೆಟ್ಟದ್ದು ಹೌದು ಅಂತ ನೀವು ಹೇಳಿದ್ರೆ ತೀರ್ಥರಾಮನ ಹೆಸರು ಅಪ್ಪನ ಜೊತೆ ಕೂಗ್ತೇವೆ. ಇಲ್ಲದಿದ್ರೆ ಅವ ಹೊರಗೆ."

ಮೂಸಕುಂಞಿ ತಿರುಗಿದರು. "ಎಂತ ಹೇಳಿದ್ರಿ? ನನ್ನ ಒಂದು ಮಾತಿಗಾ? ಅದಕ್ಕಾ ಇವರು ಬರ್ತಿದ್ದದ್ದು?"

"ಅಣ್ಣ ಹೇಳಿರ್ಲಿಲ್ಲವಾ?"

"ಯಾ ಅಲ್ಲಾ!" ಮೂಸಕುಂಞಿ ಜಗಲಿಯ ಕಂಬ ಹಿಡಿದುಕೊಂಡರು. "ನನ್ನ ಹತ್ರ ವಾದ ಮಾಡ್ಲಿಕ್ಕೆ ಬರುದು ಅಂತ ಗ್ರಹಿಸಿದ್ದೆ. ತನ್ನ ಮಗನನ್ನು ತಪ್ಪಿನಿಂದ ಬಿಡಿಸ್ಲಿಕ್ಕೆ. ಹೀಗೆ ಉಂಟು ಅಂತ ಒಂದು ಸಲ ಹೇಳ್ಬಾರ್ದಿತ್ತಾ? ಅಲ್ಲ, ಒಂದು ಸಲ! ಎಂತ ಮನುಷ್ಯ ಗೌಡ್ರೆ ನೀವು!"

ಕೊನೆಯ ಮಾತನ್ನು ಅವರು ಹೆಣಕ್ಕೇ ಹೇಳಿದರು. ಹೆಣ ಎಂದಿನಂತೆ ಹಟ ಹಿಡಿದು ಮಲಗಿತ್ತು.

"ಈಗ ಹೇಳಿ," ಎಂದರು ಬೆಳ್ಯಪ್ಪ.

"ಎಂತ ಹೇಳುದು? ನಾನು ಅಲ್ಲಿ ಹೋಗಿ ಬಂದವ. ಮೋಡ ಇರ್ಲಿಲ್ಲ ಆ ದಿನ. ಚಾ ಸೊಪ್ಪು ಕೊಯ್ಯುವ ಹೆಂಗಸರು ನೋಡಿದ್ದಾರೆ. ಗುಡ್ಡೆಗೆ ಬಡಿಯುವವರೆಗೂ ಶಬ್ದ ಸರಿ ಇತ್ತಂತೆ. ಅವರ ಭಾಷೆ ನನಗೆ ಬರುದಿಲ್ಲ, ಕೈ ಮಾಡಿ ತೋರಿಸಿದ್ರು." ಅವರು ತಮ್ಮ ಅಂಗೈಯನ್ನು ಗಾಳಿಯಲ್ಲಿ ನೇರ ಮುಂದಕ್ಕೆ ಒಯ್ದು ನಿಲ್ಲಿಸಿದರು. "ಆದ್ರೂ ನಾನು ಕಣ್ಣಲ್ಲಿ ಕಂಡದ್ದಲ್ಲ. ಕಾಣದ್ದನ್ನು ಹೌದು ಅನ್ಲಿಕ್ಕೂ ಆಗುದಿಲ್ಲ, ಅಲ್ಲ ಅನ್ಲಿಕ್ಕೂ ಆಗುದಿಲ್ಲ. ಈ ಮನೆಯಲ್ಲಿ ಗೊತ್ತಿದ್ದವರು ಯಾರಾದ್ರೂ ಇದ್ರೆ ಹೇಳ್ಲಿ. ನನಗೆ ಅಷ್ಟೇ ಬೇಕಿದ್ದದ್ದು. ಆಗಲೂ, ಈಗಲೂ."

ಹೇಳುತ್ತಾ ಅವರು ಸೇವಂತಿಯ ಕಡೆ ನೋಡಿದರು. ಬಸ್ಸಿನ ಕಿಟಕಿಯಲ್ಲಿ ನೋಡಿದ ಅದೇ ನೋಟ.

ಬೆಳ್ಯಪ್ಪ ಸೇವಂತಿಯ ಹತ್ತಿರ ಬಂದು ದನಿ ತಗ್ಗಿಸಿದರು. ಆ ದನಿಯಲ್ಲಿ ಕಾಠಿಣ್ಯ ಇರಲಿಲ್ಲ. "ಮಗಳೆ, ತೀರ್ಥನನ್ನು ಎತ್ತಿ ಆಡಿಸಿದವ ನಾನೂ. ಬ್ಯಾರಿ ಅಲ್ಲ ಅನ್ನುದಿಲ್ಲ ಅಂತ ಆಯ್ತಲ್ಲ. ಅಪ್ಪನ ತಲೆಯ ಹತ್ರದ ದೀಪ ಮುಟ್ಟಿ, ಇಂಜಿನ್ ಸರಿ ಇಲ್ಲ ಅಂತ ಹೋಗುವಾಗ ತೀರ್ಥ ಹೇಳಿದ್ದ ಅಂತ ನೀನೊಂದು ಮಾತು ಹೇಳು. ಜನ ಕೇಳಿದ್ರೆ ಸಾಕು. ನಾನು ಕೂಗ್ತೇನೆ."

ಅಪ್ಪನಿಗೆ ಅಷ್ಟು ವರ್ಷದಲ್ಲಿ ಸಿಗದ್ದು ಅವಳ ಕೈಯಳತೆಯಲ್ಲಿತ್ತು. ಒಂದು ಸುಳ್ಳು. ಅದೂ ಅಪ್ಪ ಬಾಯಿಪಾಠ ಮಾಡಿ ಹದ ಮಾಡಿಟ್ಟ ಸುಳ್ಳು.

\*

ತೀರ್ಥರಾಮನ ಕೊನೆಯ ರಜೆ ಮುಗಿದ ದಿನ ಅವನನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದವಳು ಸೇವಂತಿ. ಹಕೀಮ್ ಜಾಲ್ಸೂರಿನಲ್ಲಿ ಹತ್ತಿ ಅದೇ ಬಸ್ಸಿನಲ್ಲಿ ಬಂದಿದ್ದ. ತೀರ್ಥರಾಮನ ಟ್ರಂಕನ್ನು ತಾನೇ ಹೊತ್ತು ಬಸ್ಸಿನ ಮೇಲಕ್ಕೆ ಹತ್ತಿ ಕಟ್ಟುತ್ತಿದ್ದ. ಕೆಳಗೆ ನಿಂತ ತಮ್ಮ ಸಣ್ಣ ದನಿಯಲ್ಲಿ ಹೇಳಿದ:

"ಅಕ್ಕ, ಮುಂದಿನ ತಿಂಗಳಿಂದ ನನ್ನನ್ನು ವಿಮಾನ ಹತ್ಲಿಕ್ಕೆ ಬಿಡುದಿಲ್ಲ. ಕಣ್ಣು ಸರಿ ಇಲ್ಲ ಅಂತ ಡಾಕ್ಟ್ರು ಹೇಳಿಬಿಟ್ಟಿದ್ದಾರೆ. ಕಮಲಾವತಿಯೂ ಇನ್ನು ಬರುದಿಲ್ಲ ಅಂತ ತವರಿಂದ ಹೇಳಿ ಕಳಿಸಿದ್ದಾಳೆ. ಕೆಳಗೆ ನನಗೆ ಎಂತ ಉಂಟು ಹೇಳು?"

"ಗದ್ದೆ ಉಂಟು. ಅಪ್ಪ ಅಮ್ಮ ಇದ್ದಾರೆ. ನಾನಿದ್ದೇನೆ."

"ಈ ಸಲ ಹತ್ತಿದ್ರೆ ಇಳಿಯುದಿಲ್ಲ ಅಕ್ಕ."

"ಇಳಿಯದಿದ್ರೆ ಅಲ್ಲಿಯೇ ಒಂದು ಮನೆ ಕಟ್ಟು," ಎಂದು ಅವಳು ತಮಾಷೆ ಮಾಡಿದ್ದಳು. ಹೆಂಡತಿ ಮುನಿಸಿಕೊಂಡ ಗಂಡಸರು ಇಂಥ ಮಾತು ಆಡುವುದು ಅವಳು ಕೇಳದ್ದೇನಲ್ಲ. ಮೇಲಿಂದ ಹಕೀಮ್, "ಆಯ್ತು, ಹತ್ತಿ ಹತ್ತಿ!" ಎಂದು ಕೂಗಿದ. ಹಗ್ಗದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಗುತ್ತಿದ್ದ.

ತಂತಿ ಬಂದ ದಿನ ಅವಳು ಅಪ್ಪನಿಗೆ ಇದನ್ನು ಹೇಳಿದಳು. ಅಪ್ಪ ಅವಳ ರಟ್ಟೆಯನ್ನು ನೋಯುವಂತೆ ಹಿಡಿದು, "ಸತ್ತವನ ಆಣೆ ಉಂಟು, ಇನ್ನೊಂದು ಕಿವಿಗೆ ಬೀಳ್ಬಾರ್ದು," ಎಂದರು. ಅಂದಿನಿಂದ ಆ ಮನೆಯಲ್ಲಿ ಇಂಜಿನ್ ಕೆಟ್ಟಿತು.

ಅವಳು ತಮ್ಮನಿಗಾಗಿ ನೆಟ್ಟಗೆ ಅತ್ತದ್ದೇ ಇಲ್ಲ. ಅಳಲು ಕೂತಾಗಲೆಲ್ಲ ಹಗ್ಗ ಕಚ್ಚಿಕೊಂಡ ಆ ಹುಡುಗ ಎದುರಿಗೆ ಬರುತ್ತಿದ್ದ. ಸಾಯುವವನಿಗೆ ಹಗ್ಗವಿರಲಿಲ್ಲವೇ, ಹೊಳೆಯಿರಲಿಲ್ಲವೇ? ಇಳಿಯುವುದಿಲ್ಲ ಎಂದವನು ಆ ಹುಡುಗನನ್ನಾದರೂ ಮೊದಲು ಇಳಿಸಬಾರದಿತ್ತೇ? ತಮ್ಮ ಬೇಕು, ತಮ್ಮನ ಕೆನ್ನೆಗೆ ಬಾರಿಸಲೂ ಬೇಕು. ಎರಡಕ್ಕೂ ಅವನು ಸಿಗಲಿಲ್ಲ.

\*

ಸೇವಂತಿ ದೀಪದ ಹತ್ತಿರ ಹೋದಳು. ಕೈ ಚಾಚಿದಳು, ಮುಟ್ಟಲಿಲ್ಲ.

"ಇಂಜಿನ್ ಕೆಟ್ಟದ್ದಲ್ಲ," ಎಂದಳು. "ಅವನೇ ಮಾಡಿದ್ದು. ಈ ಸಲ ಹತ್ತಿದ್ರೆ ಇಳಿಯುದಿಲ್ಲ ಅಂತ ನನ್ನ ಹತ್ರ ಹೇಳಿಯೇ ಹೋದದ್ದು. ಅಪ್ಪನಿಗೂ ಗೊತ್ತಿತ್ತು."

ಯಾರೋ ಹೆಂಗಸು 'ಅಯ್ಯೋ' ಎಂದಳು. ತ್ಯಾಂಪಣ್ಣ ಮುಖ ಮುಚ್ಚಿಕೊಂಡ. ಬೆಳ್ಯಪ್ಪ ಎರಡು ಕೈಯಲ್ಲೂ ಹಣೆ ಹೊಡೆದುಕೊಂಡು, "ನೀನೇ ಹಾಳು ಮಾಡಿದೆ! ಕೈಗೆ ಬಂದದ್ದನ್ನು ನೀನೇ ಬಿಸಾಡಿದೆ!" ಎಂದರು. "ಇನ್ನು ನನ್ನನ್ನು ಕೇಳ್ಬೇಡ. ಅವ ಹೊರಗಿನವ, ಮುಗಿಯಿತು."

ಮೂಸಕುಂಞಿ ಜಗಲಿಯ ಮೇಲೆ ಕೂತುಬಿಟ್ಟಿದ್ದರು. ಅಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ಮನುಷ್ಯನ ಮುಖ ಹಗುರಾಗುತ್ತದೆಂದು ಸೇವಂತಿ ಎಣಿಸಿದ್ದಳು. ಹಾಗೇನೂ ಆಗಲಿಲ್ಲ. ಅವರ ದವಡೆ ಬಿಗಿದಿತ್ತು.

"ಇದನ್ನು ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ ಮಗಳೆ?" ಎಂದರು. "ನನ್ನ ಹೆಂಡತಿ ಸತ್ತು ನಾಲ್ಕು ವರ್ಷ ಆಯ್ತು. ಸಾಯುವಾಗಲೂ, ಆ ಇಂಜಿನ್ ಸರಿ ನೋಡದೆ ನನ್ನ ಮಗನೇ ತಪ್ಪು ಮಾಡಿದ್ನಾ ಅಂತ ಕೇಳಿಕೊಂಡೇ ಸತ್ತಳು. ಇಂಜಿನ್ ನೋಡುವವ ಅವನಲ್ಲವಾ! ಇಂಜಿನ್ ಕೆಟ್ಟದ್ದು ಅಂತ ಗೌಡ್ರು ಬಂದು ಬಂದು ಹೇಳಿದ್ದು ಯಾರ ಮೇಲೆ ಹೊರಿಸಿದ ಹಾಗಾಯ್ತು? ಅದು ನಿಮಗೆ ಯಾರಿಗೂ ತಲೆಗೆ ಹೋಗ್ಲಿಲ್ಲವಾ?"

ಹೋಗಿರಲಿಲ್ಲ. ನಿಜಕ್ಕೂ ಹೋಗಿರಲಿಲ್ಲ. ಎಣ್ಣೆಯಲ್ಲಿ ನೀರು, ಪೈಪಿನಲ್ಲಿ ಕಸ, ಪ್ಲಗ್ಗು, ಕಾರ್ಬುರೇಟರು. ಒಂದೊಂದನ್ನೂ ಒಯ್ದು ಅಪ್ಪ ಮೇಸ್ತ್ರಿ ಹುಡುಗನ ಅಪ್ಪನ ಮುಂದೆ ಇಟ್ಟಿದ್ದರು. ಎಷ್ಟು ಒಳ್ಳೆಯ ಕಾರಣವೋ ಅಷ್ಟು ದೊಡ್ಡ ತಪ್ಪು ಹಕೀಮನದ್ದಾಗುತ್ತಿತ್ತು. ಅದಕ್ಕೇ ಆ ಮನುಷ್ಯ ತಲೆ ಎತ್ತದೆ ಅಡಿಕೆ ಹೆಕ್ಕುತ್ತಿದ್ದದ್ದು.

"ಒಳಗೆ ಹೊರಗೆ ಅಂತ ನೀವು ಲೆಕ್ಕ ಹಾಕ್ತೀರಿ," ಮೂಸಕುಂಞಿ ಬೆಳ್ಯಪ್ಪನ ಕಡೆ ತಿರುಗಿದರು. "ಅಲ್ಲಿ ಆ ಗುಡ್ಡೆಯಲ್ಲಿ ಇಬ್ಬರನ್ನೂ ಒಂದೇ ಗುಂಡಿಗೆ ಹಾಕಿದ್ದಾರೆ. ಸುಟ್ಟು ಹೋಗಿತ್ತು. ಯಾವುದು ನಿಮ್ಮವನದ್ದು, ಯಾವುದು ನನ್ನವನದ್ದು ಅಂತ ಬೇರೆ ಮಾಡ್ಲಿಕ್ಕೆ ಆಗ್ಲಿಲ್ಲ. ಅವನು ನಿಮಗೆ ಹೊರಗಾದ್ರೆ ನನ್ನ ಮಗ ಎಲ್ಲಿ? ನಾನು ಯಾರ ಹತ್ರ ಕೇಳುದು?"

ಬೆಳ್ಯಪ್ಪನಿಗೆ ಎಲ್ಲ ಕ್ರಮವೂ ಬಾಯಿಪಾಠ. ಇದಕ್ಕೆ ಕ್ರಮ ಇರಲಿಲ್ಲ. ಅವರು ಸುಮ್ಮನೆ ಹೆಣ ಎತ್ತಲು ಜನರಿಗೆ ಸನ್ನೆ ಮಾಡಿದರು.

\*

ಗದ್ದೆಯ ಮೇಲಿನ ತಟ್ಟಿನಲ್ಲಿ ಕಾಷ್ಠ ಸಿದ್ಧವಾಗಿತ್ತು. ಹೆಂಗಸರು ಅಲ್ಲಿಯವರೆಗೆ ಹೋಗುವ ವಾಡಿಕೆಯಿಲ್ಲ. ಸೇವಂತಿ ಹೋದಳು. ಅಕ್ಕು ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ. ಮೂಸಕುಂಞಿ ಎಲ್ಲರಿಗಿಂತ ಹಿಂದೆ, ಬದುವಿನ ಮೇಲೆ ಬೆತ್ತ ಊರುತ್ತಾ ಬಂದರು.

ಬೆಳ್ಯಪ್ಪ ಕೊಳ್ಳಿ ಹಿಡಿದು ಪೂರ್ವಕ್ಕೆ ಮುಖ ಮಾಡಿದರು. ಅಪ್ಪನ ಹೆಸರು, ಅಜ್ಜನ ಹೆಸರು, ಸಣ್ಣದರಲ್ಲೇ ಸಿಡುಬಿಗೆ ಹೋದ ಇನ್ನೊಬ್ಬ ಅಣ್ಣನ ಹೆಸರು, ಕೊನೆಗೆ ಅತ್ತಿಗೆಯ ಹೆಸರು ಕೂಗಿದರು. ಒಂದೊಂದು ಹೆಸರಿಗೂ ಜನ ಹೂಂಗುಟ್ಟಿದರು. ಅತ್ತಿಗೆಯ ಹೆಸರಾದ ಮೇಲೆ ಅವರು ಒಂದು ಕ್ಷಣ ತಡೆದರು. ಕೊಳ್ಳಿಯ ಉರಿ ಕೆಳಗೆ ಸರಿಯುತ್ತಿತ್ತು. ಬಾಯಿ ಮುಚ್ಚಿಕೊಂಡರು.

ಸೇವಂತಿಗೆ ಬೆಳಗಿನಿಂದ ತುದಿನಾಲಗೆಯಲ್ಲಿದ್ದದ್ದು ಒಂದೇ ಹೆಸರು. ಅದನ್ನು ಕೂಗಲೆಂದೇ ಇಲ್ಲಿಯವರೆಗೆ ಬಂದದ್ದು. ಉಸಿರು ಎಳೆದುಕೊಂಡಳು. ಆದರೆ ಹೊರಗೆ ಬಂದದ್ದು ಬೇರೆ ಹೆಸರು.

"ಹಕೀಮ್!" ಎಂದು ಕೂಗಿದಳು. ಗದ್ದೆಯ ಆಚೆ ಗುಡ್ಡೆಗೆ ತಾಗಿ ಅದು ತಿರುಗಿ ಬಂತು. "ಜಾಲ್ಸೂರಿನ ಮೂಸಕುಂಞಿಯವರ ಮಗ ಹಕೀಮ್! ಅವನ ಜೊತೆಗಿದ್ದ ತೀರ್ಥರಾಮ!"

ಯಾರೂ ಹೂಂಗುಟ್ಟಲಿಲ್ಲ. ಜನ ಬೆಳ್ಯಪ್ಪನ ಮುಖ ನೋಡಿದರು. ಹೆಣ್ಣು ಕೂಗಿದ್ದು ಕೂಗಿದ ಲೆಕ್ಕವೋ ಅಲ್ಲವೋ, ಮನೆತನದ ಹೊರಗಿನವನನ್ನು ಮೊದಲು ಕರೆದರೆ ಹಿಂದೆ ಬಂದವನಿಗೆ ಬಾಗಿಲು ಉಂಟೋ ಇಲ್ಲವೋ, ಅವರೇ ಹೇಳಬೇಕಿತ್ತು. ಬೆಳ್ಯಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೊಳ್ಳಿ ಕೈ ಸುಡುತ್ತಿತ್ತು. ತಗ್ಗಿ, ಅಣ್ಣನ ತಲೆಯ ಕಡೆ ಇಟ್ಟರು.

ಮಾವಿನ ಸೌದೆಗೆ ಬೆಂಕಿ ಹಿಡಿಯಿತು. ಬಂದವರು ಒಬ್ಬೊಬ್ಬರಾಗಿ ಒಂದೊಂದು ಚೂರು ಸೌದೆ ಹಾಕಿ, ಹಿಂದೆ ನೋಡದೆ ತೋಡಿನ ನೀರಿಗೆ ಮುಳುಗು ಹಾಕಲು ಹೋದರು. ತ್ಯಾಂಪಣ್ಣ ಹಾಕಿ ಹೋದ. ಬೆಳ್ಯಪ್ಪನೂ ಹೋದರು.

ಮೂಸಕುಂಞಿ ಬದುವಿನಿಂದ ಇಳಿದು ಬಂದರು. ಬೆತ್ತವನ್ನು ಕೆಳಗಿಟ್ಟರು. ಬಗ್ಗಿ, ಉಳಿದಿದ್ದ ಸೌದೆಯಲ್ಲಿ ಒಂದು ಚೂರನ್ನು ಹೆಕ್ಕಿಕೊಂಡು ಬೆಂಕಿಯ ಹತ್ತಿರ ಹೋಗಿ ನಿಂತರು. ಸೇವಂತಿ ನೋಡುತ್ತಲೇ ಇದ್ದಳು. ಉರಿ ಏರಿತು. ಅವರ ಗಡ್ಡದ ಬಿಳಿ ಕೆಂಪಾಗಿ ಕಂಡಿತು, ಹಣೆಯಿಂದ ಬೆವರು ಇಳಿಯಿತು. ಸೌದೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವರು ಅಲ್ಲೇ ನಿಂತಿದ್ದರು. ಬೆಂಕಿಗೆ ಹಾಕಲೂ ಇಲ್ಲ, ಕೆಳಗೆ ಇಡಲೂ ಇಲ್ಲ.